ಉಸಿರೂ ಒಂದು ಅಮಾನತ್ತು

ನಮ್ಮ ಮಾಯಸಂದ್ರದಲ್ಲಿ ಮಕ್ಕಳ ಕುರ್‌ಆನ್ ತರಗತಿ ಫಜ್ರ್ ನಮಾಝಿನ ಬಳಿಕ ಆರಂಭವಾಗುತ್ತದೆ. ಚಳಿಗಾಲದಲ್ಲಿ ಆ ಹೊತ್ತಿಗೆ ತೆಂಗಿನ ತೋಟಗಳ ಮೇಲೆ ಮಂಜು ಕವಿದಿರುತ್ತದೆ. ಮಕ್ಕಳು ಟೋಪಿಯ ಮೇಲೆ ಮಫ್ಲರ್ ಸುತ್ತಿಕೊಂಡು ಬಂದು ಚಾಪೆಯ ಮೇಲೆ ಸಾಲಾಗಿ ಕೂರುತ್ತಾರೆ. ಕೆಲವು ವರ್ಷಗಳ ಹಿಂದೆ ಅಂತಹ ಒಂದು ಮುಂಜಾನೆ ಹನ್ನೊಂದು ವರ್ಷದ ಹುಡುಗನೊಬ್ಬನಿಗೆ ನಾನು ಆಯತುಲ್ ಕುರ್ಸಿ ಓದಿಸುತ್ತಿದ್ದೆ. ಅವನು ನಿಲ್ಲಬಾರದ ಜಾಗದಲ್ಲಿ ನಿಂತ. ತಿದ್ದಿದೆ. ಮತ್ತೆ ಅಲ್ಲೇ ನಿಂತ. ಮೂರನೆಯ ಸಲವೂ ಹಾಗೆಯೇ ಆದಾಗ ನನಗೆ ಕೋಪ ಬಂತು. "ರಾತ್ರಿ ಓದಿಕೊಂಡು ಬಂದಿಲ್ಲ, ಅದಕ್ಕೇ ಹೀಗೆ" ಎಂದು ಎಲ್ಲ ಮಕ್ಕಳ ಮುಂದೆ ಗದರಿಸಿಬಿಟ್ಟೆ. ಹುಡುಗ ತಲೆ ತಗ್ಗಿಸಿ, "ಪಾಠ ಬರುತ್ತೆ ಹಜ್ರತ್, ಉಸಿರು ಬರ್ತಾ ಇಲ್ಲ" ಎಂದ.

ಆಗಲೇ ನಾನು ಅವನನ್ನು ಸರಿಯಾಗಿ ನೋಡಿದ್ದು. ಪ್ರತಿ ಉಸಿರಿಗೂ ಅವನ ಕೊರಳ ಕೆಳಗಿನ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಎರಡೂ ಹೆಗಲು ಮೇಲೆ ಕೆಳಗೆ ಆಡುತ್ತಿದ್ದವು. ಹತ್ತಿರ ಕಿವಿಗೊಟ್ಟರೆ ಎದೆಯೊಳಗಿಂದ ಸುಂಯ್ ಎಂಬ ಸಣ್ಣ ಸದ್ದು ಕೇಳಿಸುತ್ತಿತ್ತು.

ತಜ್ವೀದ್ ಕಲಿತವರೆಲ್ಲರಿಗೂ ಗೊತ್ತಿರುವ ಒಂದು ನಿಯಮವಿದೆ. ಓದುವವನಿಗೆ ಉಸಿರು ಮುಗಿದರೆ, ಕೆಮ್ಮು ಅಥವಾ ಸೀನು ಬಂದರೆ, ಅವನು ಎಲ್ಲಿ ಬೇಕಾದರೂ ನಿಲ್ಲಬಹುದು; ಬಳಿಕ ಅರ್ಥ ಕೂಡುವಂತೆ ಸ್ವಲ್ಪ ಹಿಂದಿನಿಂದ ಓದಿಕೊಂಡು ಮುಂದೆ ಸಾಗಬೇಕು. ಇದಕ್ಕೆ 'ಇಝ್ತಿರಾರೀ ವಕ್ಫ್', ಅಂದರೆ ಅನಿವಾರ್ಯದ ನಿಲುಗಡೆ ಎಂದು ಹೆಸರು. ಅಲ್ಲಾಹನ ವಚನಗಳನ್ನು ಓದುವ ಶಾಸ್ತ್ರವೇ ಉಸಿರಿಲ್ಲದವನಿಗೆ ಅವಕಾಶ ಕೊಟ್ಟಿದೆ. ಆ ನಿಯಮವನ್ನು ಮಕ್ಕಳಿಗೆ ಕಲಿಸುವ ನಾನೇ ಆ ಮಗುವಿಗೆ ಅವಕಾಶ ಕೊಡಲಿಲ್ಲ. ಅಂದು ನನ್ನ ಮನಸ್ಸಿಗಾದ ನಾಚಿಕೆಯಿಂದಲೇ ಈ ಲೇಖನ ಹುಟ್ಟಿತು.

ಪ್ರಿಯ ವಾಚಕರೇ, ಅನ್ನ, ನೀರು, ಬಟ್ಟೆ, ಮನೆ ಇವೆಲ್ಲ ಅಲ್ಲಾಹನ ಅನುಗ್ರಹಗಳೆಂದು ನಾವು ಬಲ್ಲೆವು. ಊಟಕ್ಕೆ ಮುಂಚೆ ಬಿಸ್ಮಿಲ್ಲಾಹ್ ಹೇಳುತ್ತೇವೆ, ಮುಗಿದ ಮೇಲೆ ಅಲ್‌ಹಮ್ದುಲಿಲ್ಲಾಹ್ ಹೇಳುತ್ತೇವೆ. ಆದರೆ ಅನ್ನವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿನ ಬದುಕಬಲ್ಲ ಮನುಷ್ಯನು ಉಸಿರಿಲ್ಲದೆ ಕೆಲವು ನಿಮಿಷವೂ ಬದುಕಲಾರ. ಆ ಉಸಿರಿಗಾಗಿ ನಾವು ಎಂದಾದರೂ ಕೃತಜ್ಞತೆ ಸಲ್ಲಿಸಿದ್ದುಂಟೇ? ಅಲ್ಲಾಹನ ಅನುಗ್ರಹಗಳನ್ನು ಎಣಿಸಹೊರಟರೆ ಎಣಿಸಿ ಮುಗಿಸಲಾಗದೆಂದು ಪವಿತ್ರ ಕುರ್‌ಆನ್ ನೆನಪಿಸುತ್ತದೆ (ಇಬ್ರಾಹೀಮ್: 34). ಉಳಿದದ್ದು ಹಾಗಿರಲಿ, ಉಸಿರನ್ನೊಂದನ್ನೇ ಎಣಿಸಿ ನೋಡೋಣ. ಆರೋಗ್ಯವಂತನು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ನಿಮಿಷಕ್ಕೆ 15 ಎಂದು ಹಿಡಿದರೂ ದಿನಕ್ಕೆ 21,600 ಉಸಿರು. ಒಂದೊಂದರಲ್ಲಿ ಸುಮಾರು ಅರ್ಧ ಲೀಟರ್ ಗಾಳಿಯಂತೆ ದಿನಕ್ಕೆ ಹತ್ತು ಸಾವಿರ ಲೀಟರಿಗಿಂತ ಹೆಚ್ಚು ಗಾಳಿ ನಮ್ಮ ಎದೆಯೊಳಗೆ ಹೋಗಿ ಬರುತ್ತದೆ. ಇದಕ್ಕೆ ಬಿಲ್ಲೂ ಇಲ್ಲ, ಬಾಡಿಗೆಯೂ ಇಲ್ಲ.

ಗಾಳಿ ಸಾಗುವ ದಾರಿ

ಆ ಹುಡುಗನನ್ನೂ ಅವನ ತಂದೆಯನ್ನೂ ಕರೆದುಕೊಂಡು ನಾನು ತುರುವೇಕೆರೆಯ ವೈದ್ಯರೊಬ್ಬರಲ್ಲಿಗೆ ಹೋದೆ. ಅವರು ತಾಳ್ಮೆಯುಳ್ಳವರು. ಗೋಡೆಯ ಮೇಲಿದ್ದ ಚಿತ್ರವನ್ನು ತೋರಿಸಿ ನಮ್ಮಿಬ್ಬರಿಗೂ ಉಸಿರಾಟವೆಂದರೇನೆಂದು ವಿವರಿಸಿದರು. ಅಂದು ಕೇಳಿದ್ದನ್ನೂ ಆ ಬಳಿಕ ಓದಿ ತಿಳಿದದ್ದನ್ನೂ ಇಲ್ಲಿ ಹೇಳುತ್ತೇನೆ.

ಗಾಳಿಯ ಮೊದಲ ಬಾಗಿಲು ಮೂಗು. ಅಲ್ಲಿರುವ ಕೂದಲುಗಳು ದಪ್ಪ ಧೂಳನ್ನು ತಡೆಯುತ್ತವೆ. ಅಂಟಾದ ಲೋಳೆ ಸಣ್ಣ ಕಣಗಳನ್ನು ಹಿಡಿದಿಡುತ್ತದೆ. ಒಳಗಿನ ಮಡಿಕೆಗಳಲ್ಲಿ ಹರಿಯುವ ಬಿಸಿ ರಕ್ತವು ಚಳಿಗಾಳಿಯನ್ನು ಬೆಚ್ಚಗೆ ಮಾಡಿ, ಒಣಗಾಳಿಗೆ ತೇವ ಕೊಟ್ಟು ಒಳಗೆ ಕಳುಹಿಸುತ್ತದೆ. ಬಾಯಿಯಿಂದ ಉಸಿರಾಡುವವನಿಗೆ ಈ ಸೇವೆ ಸಿಗುವುದಿಲ್ಲ. ನಾವು ಪ್ರತಿ ವುಝೂವಿನಲ್ಲಿ ಮೂಗಿಗೆ ನೀರೆಳೆದು ಸ್ವಚ್ಛಗೊಳಿಸುತ್ತೇವೆ. ನಾವು ಅದನ್ನು ಮಾಡುವುದು ಪ್ರವಾದಿವರ್ಯರ(ಸ) ಸುನ್ನತ್ ಎಂಬ ಕಾರಣಕ್ಕೆ. ಆದರೂ ದಿನವಿಡೀ ಕೆಲಸ ಮಾಡುವ ಈ ಕಾವಲುಗಾರನನ್ನು ಸ್ವಚ್ಛವಾಗಿಡುವುದು ಎಷ್ಟು ಒಳ್ಳೆಯ ಅಭ್ಯಾಸವೆಂಬುದು ಹೊಲದಿಂದ, ಸಂತೆಯಿಂದ ಬಂದು ವುಝೂ ಮಾಡುವವರಿಗೆ ಚೆನ್ನಾಗಿ ಗೊತ್ತು.

ಮೂಗನ್ನು ದಾಟಿದ ಗಾಳಿ ಗಂಟಲಿಗೆ ಬರುತ್ತದೆ. ಇಲ್ಲಿ ಎರಡು ದಾರಿ: ಹಿಂದಿನದು ಅನ್ನನಾಳ, ಮುಂದಿನದು ಶ್ವಾಸನಾಳ. ತುತ್ತು ನುಂಗುವಾಗ ಶ್ವಾಸನಾಳದ ಬಾಯನ್ನು ಒಂದು ಸಣ್ಣ ಮುಚ್ಚಳ ಮುಚ್ಚುತ್ತದೆ, ನುಂಗಿದೊಡನೆ ತೆರೆಯುತ್ತದೆ. ಮುಚ್ಚು ಎಂದು ನಾವು ಅದಕ್ಕೆ ಎಂದೂ ಹೇಳಿದ್ದಿಲ್ಲ. ಬಾಯಿ ತುಂಬ ಅನ್ನವಿಟ್ಟುಕೊಂಡು ನಗುವಾಗ, ಮಾತಾಡುವಾಗ ಅದು ಒಮ್ಮೊಮ್ಮೆ ತಪ್ಪುತ್ತದೆ. ಆಗಲೇ ನೆತ್ತಿಗೇರಿತು ಎಂದು ನಾವು ತಲೆ ತಟ್ಟುವುದು.

ಶ್ವಾಸನಾಳ ಸುಮಾರು ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದದ ಕೊಳವೆ. ಅದು ಕುಸಿದು ಮುಚ್ಚಿಕೊಳ್ಳದಂತೆ ಮೆದು ಎಲುಬಿನ 16ರಿಂದ 20 ಬಳೆಗಳಿವೆ. ಆ ಬಳೆಗಳು ಪೂರ್ಣ ವೃತ್ತವಲ್ಲ, ಹಿಂಭಾಗದಲ್ಲಿ ತೆರೆದಿವೆ. ಹಿಂದೆ ಇರುವ ಅನ್ನನಾಳದಲ್ಲಿ ದೊಡ್ಡ ತುತ್ತು ಇಳಿಯುವಾಗ ಅದು ಹಿಗ್ಗಲು ಜಾಗ ಬೇಕಲ್ಲ! ಒಂದು ಅಂಗವು ತನ್ನ ನೆರೆಯ ಅಂಗಕ್ಕೆ ಹೀಗೆ ಜಾಗ ಬಿಟ್ಟುಕೊಟ್ಟಿದೆ. ಎದೆಯೊಳಗೂ ಹಾಗೆಯೇ. ಬಲ ಶ್ವಾಸಕೋಶಕ್ಕೆ ಮೂರು ಭಾಗ, ಎಡದ್ದಕ್ಕೆ ಎರಡೇ. ಎಡಗಡೆ ಹೃದಯ ಕುಳಿತುಕೊಳ್ಳಬೇಕಾದುದರಿಂದ ಆ ಕಡೆಯ ಶ್ವಾಸಕೋಶ ಚಿಕ್ಕದು. ನೆರೆಯವನಿಗಾಗಿ ಅಂಗುಲ ಜಾಗ ಬಿಡಲೊಪ್ಪದೆ ಕೋರ್ಟಿಗೆ ಅಲೆಯುವ ನಾವು ನಮ್ಮ ಎದೆಯನ್ನೇ ನೋಡಿ ಕಲಿಯಬಹುದು.

ಶ್ವಾಸನಾಳವು ಕೆಳಗೆ ಎರಡು ಕವಲಾಗುತ್ತದೆ. ಬಲಗಡೆಯ ಕವಲು ಹೆಚ್ಚು ಅಗಲ, ಹೆಚ್ಚು ನೇರ. ಆದುದರಿಂದಲೇ ಮಕ್ಕಳು ನುಂಗಿದ ಕಡಲೆಬೀಜ, ಹುಣಸೆಬೀಜಗಳು ದಾರಿ ತಪ್ಪಿದರೆ ಹೆಚ್ಚಾಗಿ ಬಲಗಡೆಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಈ ಕವಲೊಡೆಯುವಿಕೆ ಸುಮಾರು 23 ಹಂತಗಳವರೆಗೆ ಸಾಗುತ್ತದೆ. ಮರವೊಂದನ್ನು ತಲೆಕೆಳಗಾಗಿ ನಿಲ್ಲಿಸಿದಂತೆ ಇದರ ರೂಪ. ನಮ್ಮ ತೆಂಗಿನ ಮರಕ್ಕೆ ಕೊಂಬೆಗಳಿಲ್ಲ. ಆದುದರಿಂದ ಊರ ಬಾಗಿಲ ಹುಣಸೆಮರವನ್ನು ನೆನೆಸಿಕೊಳ್ಳಿರಿ.

ಆ ಮರದ ಎಲೆಗಳಿರುವ ಜಾಗದಲ್ಲಿ ಗಾಳಿಯ ಪುಟ್ಟ ಪುಟ್ಟ ಗೂಡುಗಳಿವೆ. ಇವುಗಳ ಸಂಖ್ಯೆ ಮೂವತ್ತು ಕೋಟಿಗೂ ಮೇಲೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ಒಬ್ಬನು ನಮಾಝ್ ಮಾಡುವ ಚಾಪೆಯ ಅಳತೆಯಲ್ಲಿ ಲೆಕ್ಕ ಹಾಕಿದರೆ ನೂರು ಮಂದಿಯ ಜಾಗ! ಅಷ್ಟನ್ನೂ ಸೃಷ್ಟಿಕರ್ತನು ಎರಡು ಬೊಗಸೆಯಷ್ಟು ಎಡೆಯಲ್ಲಿ ಮಡಿಚಿಟ್ಟಿದ್ದಾನೆ. ಪ್ರತಿ ಗೂಡಿನ ಸುತ್ತಲೂ ಅತಿ ಸೂಕ್ಷ್ಮ ರಕ್ತನಾಳಗಳ ಬಲೆ ಇದೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಎಷ್ಟು ತೆಳುವೆಂದರೆ ನಮ್ಮ ತಲೆಗೂದಲಿನ ದಪ್ಪದಲ್ಲಿ ಸುಮಾರು ನೂರನೆಯ ಒಂದು ಪಾಲು. ಆ ಗೋಡೆಯ ಮೂಲಕ ಆಮ್ಲಜನಕ ರಕ್ತದೊಳಕ್ಕೆ ಹೋಗುತ್ತದೆ. ಶರೀರದ ಕಸವಾದ ಇಂಗಾಲದ ಡೈಆಕ್ಸೈಡ್ ಹೊರಕ್ಕೆ ಬರುತ್ತದೆ. ಒಳಗೆಳೆದ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21 ಇದ್ದರೆ, ಹೊರಬಿಟ್ಟ ಗಾಳಿಯಲ್ಲಿ ಸುಮಾರು 16 ಮಾತ್ರ ಉಳಿದಿರುತ್ತದೆ.

ಶ್ವಾಸಕೋಶಗಳಿಗೆ ತಾವಾಗಿ ಹಿಗ್ಗುವ ಸ್ನಾಯುಗಳಿಲ್ಲ. ಎದೆ ಮತ್ತು ಹೊಟ್ಟೆಯ ನಡುವೆ ಗುಮ್ಮಟದಂತೆ ಒಂದು ಸ್ನಾಯುವಿನ ಪರದೆ ಇದೆ. ಇದನ್ನು ವಪೆ ಎನ್ನುತ್ತಾರೆ. ಅದು ಬಿಗಿದು ಕೆಳಗಿಳಿದಾಗ, ಪಕ್ಕೆಲುಬುಗಳು ಮೇಲೆದ್ದಾಗ, ಎದೆಗೂಡು ಹಿಗ್ಗಿ ಗಾಳಿ ಒಳಬರುತ್ತದೆ. ಸಡಿಲಿದಾಗ ಗಾಳಿ ಹೊರಹೋಗುತ್ತದೆ. ಕುಲುಮೆಯ ತಿದಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಕುಲುಮೆಯ ತಿದಿಗೆ ಒತ್ತುವವನೊಬ್ಬ ಬೇಕು. ನಾವು ನಿದ್ದೆ ಹೋದಾಗ ನಮ್ಮ ತಿದಿಯನ್ನು ಒತ್ತುವವರಾರು? ಮೆದುಳಿನ ಬುಡದಲ್ಲಿರುವ ಒಂದು ಕೇಂದ್ರ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಗಮನಿಸುತ್ತಾ ಉಸಿರಿನ ಆಜ್ಞೆ ಕೊಡುತ್ತಲೇ ಇರುತ್ತದೆ. ಬೇಕೆಂದರೆ ನಾವು ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿಯಬಹುದು. ಆದರೆ ಸ್ವಲ್ಪ ಹೊತ್ತು ಮಾತ್ರ. ಆ ಬಳಿಕ ನಮ್ಮ ಹಟ ನಡೆಯುವುದಿಲ್ಲ. ಉಸಿರನ್ನು ನಾವೇ ಆಡುತ್ತೇವೆಂದು ಹೇಳುತ್ತೇವಾದರೂ ನಿಜದಲ್ಲಿ ಅದರ ಮೇಲೆ ನಮಗಿರುವ ಅಧಿಕಾರ ಅಷ್ಟೇ.

ಅರಬೀ ಭಾಷೆಯಲ್ಲಿ ಉಸಿರಿಗೆ 'ನಫಸ್' ಎನ್ನುತ್ತಾರೆ. ಆತ್ಮಕ್ಕೆ, ತಾನು ಎಂಬುದಕ್ಕೆ 'ನಫ್ಸ್' ಎನ್ನುತ್ತಾರೆ. ಎರಡಕ್ಕೂ ಧಾತು ಒಂದೇ. ನಮ್ಮ ಕನ್ನಡ ವ್ಯಾಕರಣವೂ ಅಕ್ಷರಗಳನ್ನು ಅಲ್ಪಪ್ರಾಣ, ಮಹಾಪ್ರಾಣ ಎಂದು ಉಸಿರಿನಿಂದಲೇ ವಿಂಗಡಿಸಿದೆ. ತಜ್ವೀದ್ ಶಾಸ್ತ್ರದಲ್ಲಿಯೂ ಉಸಿರು ಹರಿಯುವ ಹತ್ತು ಅಕ್ಷರಗಳನ್ನು ಬೇರೆಯಾಗಿ ಕಲಿಸುತ್ತಾರೆ. ಮಾತೆಂಬುದು ಹೊರಹೋಗುವ ಉಸಿರೇ ಅಲ್ಲವೇ? ಗಂಟಲಲ್ಲಿರುವ ಎರಡು ಸಣ್ಣ ಮಡಿಕೆಗಳನ್ನು ಅದು ಕಂಪಿಸಿದಾಗ ಧ್ವನಿ ಹುಟ್ಟುತ್ತದೆ. ಶರೀರಕ್ಕೆ ಬೇಡವಾದ ಗಾಳಿಯಿಂದ ಅಲ್ಲಾಹನು ನಮಗೆ ಸಲಾಮ್ ಹೇಳುವ, ದಿಕ್ರ್ ಮಾಡುವ, ಮಗುವನ್ನು ಮುದ್ದಿಸಿ ಕರೆಯುವ ಸಾಮರ್ಥ್ಯ ಕೊಟ್ಟನು. ಅದೇ ಗಾಳಿಯಿಂದ ನಾವು ಪರನಿಂದೆ ಮಾಡುತ್ತೇವೆ, ಮಕ್ಕಳನ್ನು ಎಲ್ಲರ ಮುಂದೆ ಗದರಿಸುತ್ತೇವೆ.

ಒಬ್ಬ ಮದ್ರಸಾ ಶಿಕ್ಷಕ ಕಂಡದ್ದು

ಉಸಿರಿಗೂ ರಕ್ತಕ್ಕೂ ಇರುವ ಈ ಸಂಬಂಧವನ್ನು ಮೊದಲಿಗೆ ತಿಳಿದವರಲ್ಲಿ ಒಬ್ಬರ ಹೆಸರನ್ನು ನಮ್ಮ ಮಕ್ಕಳು ಅರಿತಿರಬೇಕು. ಇಬ್ನು ನಫೀಸ್ 13ನೆಯ ಶತಮಾನದ ಆರಂಭದಲ್ಲಿ ದಮಾಸ್ಕಸ್‌ನಲ್ಲಿ ಹುಟ್ಟಿ, ಕೈರೋದಲ್ಲಿ ವೈದ್ಯರಾಗಿದ್ದು 1288ರಲ್ಲಿ ನಿಧನರಾದರು. ಅವರು ವೈದ್ಯರಷ್ಟೇ ಅಲ್ಲ, ಮದ್ರಸದಲ್ಲಿ ಶಾಫಿಈ ಫಿಕ್ಹ್ ಬೋಧಿಸುತ್ತಿದ್ದ ವಿದ್ವಾಂಸರು. ಆವರೆಗೆ ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದೇ ಪ್ರಮಾಣವಾಗಿತ್ತು. ಹೃದಯದ ನಡುಗೋಡೆಯಲ್ಲಿರುವ ಕಾಣದ ರಂಧ್ರಗಳ ಮೂಲಕ ರಕ್ತವು ಬಲದಿಂದ ಎಡಕ್ಕೆ ಹೋಗುತ್ತದೆಂದು ಅವನು ಬರೆದಿದ್ದನು. ಇಬ್ನು ನಫೀಸ್ ಅದನ್ನು ಒಪ್ಪಲಿಲ್ಲ. ಆ ಗೋಡೆ ಗಟ್ಟಿ, ಅದರಲ್ಲಿ ರಂಧ್ರಗಳಿಲ್ಲ. ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಂದಿಗೆ ಬೆರೆತು ಎಡಭಾಗಕ್ಕೆ ಮರಳುತ್ತದೆ ಎಂದು 1242ರಲ್ಲಿ ಬರೆದರು. ಯುರೋಪಿನಲ್ಲಿ ವಿಲಿಯಂ ಹಾರ್ವೆ ರಕ್ತಸಂಚಾರದ ಗ್ರಂಥ ಪ್ರಕಟಿಸಿದ್ದು 1628ರಲ್ಲಿ. ಸೂಕ್ಷ್ಮದರ್ಶಕದಲ್ಲಿ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳನ್ನು ಮಾಲ್ಪಿಗಿ ಕಂಡದ್ದು 1661ರಲ್ಲಿ. ಇಬ್ನು ನಫೀಸರ ಬರಹವಾದರೋ ಜನರ ಕಣ್ಣಿಗೆ ಬೀಳದೆ ಉಳಿದು, 1924ರಲ್ಲಿ ಬರ್ಲಿನ್ನಿನ ಗ್ರಂಥಾಲಯದಲ್ಲಿ ಈಜಿಪ್ಟಿನ ವೈದ್ಯರೊಬ್ಬರಿಗೆ ದೊರೆಯಿತು.

ನಮ್ಮವರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರೆಂದು ಎದೆಯುಬ್ಬಿಸಲು ಇದನ್ನು ಹೇಳುತ್ತಿಲ್ಲ. ಫಿಕ್ಹ್ ಕಲಿಸುವವನಿಗೆ ಶರೀರದ ವಿಚಾರವೇಕೆ ಎಂದು ಅವರು ಭಾವಿಸಲಿಲ್ಲ ಎಂಬುದನ್ನು ನೆನಪಿಸಲು ಹೇಳುತ್ತಿದ್ದೇನೆ. ನಾನು ಅಷ್ಟನ್ನು ಅರಿತಿದ್ದರೆ ಆ ಹುಡುಗನ ಕೊರಳ ಗುಳಿಯನ್ನು ತಿಂಗಳ ಮೊದಲೇ ಗಮನಿಸುತ್ತಿದ್ದೆ.

ನಮ್ಮ ಹೊಗೆ, ಪರರ ಎದೆ

ಹುಡುಗನಿಗೆ ಇದ್ದದ್ದು ಆಸ್ತಮಾ. ಶ್ವಾಸದ ಸಣ್ಣ ಕೊಳವೆಗಳ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೋಡೆ ಊದಿಕೊಳ್ಳುತ್ತದೆ, ಲೋಳೆ ಹೆಚ್ಚುತ್ತದೆ. ಗಾಳಿಯನ್ನು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದೇ ಆಗ ಕಷ್ಟ. ಸುಂಯ್ ಎಂಬ ಸದ್ದು ಬರುವುದು ಆ ಕಿರಿದಾದ ದಾರಿಯಿಂದಲೇ. ಚಳಿ, ನೆಗಡಿ, ಧೂಳು, ಹೊಗೆ ಇವೆಲ್ಲ ಅದನ್ನು ಕೆರಳಿಸುತ್ತವೆ. ಸನ್ಮಾರ್ಗಕ್ಕೆ ಮುಚ್ಚಿಕೊಂಡವನ ಎದೆಯು ಆಕಾಶಕ್ಕೆ ಏರುತ್ತಿರುವವನ ಎದೆಯಂತೆ ಇಕ್ಕಟ್ಟಾಗುವುದೆಂದು ಕುರ್‌ಆನ್ ಹೋಲಿಕೆ ಕೊಡುತ್ತದೆ (ಅಲ್ ಅನ್‌ಆಮ್: 125). ಎತ್ತರಕ್ಕೆ ಹೋದಂತೆ ಗಾಳಿ ವಿರಳವಾಗಿ ಉಸಿರು ಕಟ್ಟುತ್ತದೆ. ಉಸಿರು ಕಟ್ಟುವುದೆಂದರೇನೆಂದು ಬಲ್ಲವನಿಗೆ ಮಾತ್ರ ಆ ಹೋಲಿಕೆಯ ಭೀಕರತೆ ಅರ್ಥವಾದೀತು. ಆ ಮಗು ಪ್ರತಿ ಮುಂಜಾನೆ ಮಾಯಸಂದ್ರದ ಸಮತಟ್ಟು ನೆಲದಲ್ಲಿಯೇ ಬೆಟ್ಟ ಹತ್ತುತ್ತಿತ್ತು.

ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಮನೆಯ ಹತ್ತಿರ ಹೊಗೆ ಇದೆಯೇ?" ತಂದೆ ಉತ್ತರಿಸಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಅವರು ಮನೆಯ ಹಿತ್ತಲಿನಲ್ಲಿ ತೆಂಗಿನ ಚಿಪ್ಪನ್ನು ಸುಟ್ಟು ಇದ್ದಿಲು ಮಾಡಿ ಮಾರುತ್ತಿದ್ದರು. ಅದರ ಮೇಲೆ ಬೀಡಿಯ ಅಭ್ಯಾಸವೂ ಇತ್ತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ತೆಂಗು ನಮ್ಮ ಅನ್ನ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾಯಿ ಒಣಗಿ ಕೊಬ್ಬರಿಯಾಗುತ್ತದೆ. ಸಿಪ್ಪೆಯಿಂದ ನಾರು, ಚಿಪ್ಪಿನಿಂದ ಇದ್ದಿಲು. ಬಚ್ಚಲ ಹಂಡೆಗೆ ಅದೇ ಉರಿ; ಸಂಜೆ ಸೊಳ್ಳೆ ಓಡಿಸಲು ಅದೇ ಹೊಗೆ. ನಾರಿನ ಧೂಳಿನಲ್ಲಿ ದಿನವಿಡೀ ದುಡಿಯುವ ಹೆಣ್ಣುಮಕ್ಕಳಿದ್ದಾರೆ. ಇದರಲ್ಲಿ ಯಾವುದನ್ನೂ ಹರಾಮ್ ಎಂದು ಹೇಳಲು ನಾನು ಬಂದಿಲ್ಲ. ಹಲಾಲ್ ದುಡಿಮೆ ಇಬಾದತ್ತಿಗೆ ಸಮಾನ. ಆದರೆ ಶ್ವಾಸಕೋಶ ಹೇಗೆ ಕೆಲಸ ಮಾಡುತ್ತದೆಂದು ತಿಳಿದ ಮೇಲೆ ಒಂದು ಮಾತನ್ನು ಹೇಳದೆ ಇರಲಾಗದು. ನಾಲಿಗೆ ಬೇಡವಾದುದನ್ನು ಉಗುಳಬಲ್ಲದು, ಹೊಟ್ಟೆ ಕೆಟ್ಟದ್ದನ್ನು ವಾಂತಿ ಮಾಡಬಲ್ಲದು, ಕಣ್ಣು ರೆಪ್ಪೆ ಮುಚ್ಚಬಲ್ಲದು. ಶ್ವಾಸಕೋಶಕ್ಕೆ ಆ ಆಯ್ಕೆ ಇಲ್ಲ. ಸುತ್ತಲೂ ಏನಿದೆಯೋ ಅದನ್ನೇ ಅದು ಎಳೆದುಕೊಳ್ಳಬೇಕು.

ಶ್ವಾಸನಾಳದ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಗಾಳಿ ಬೀಸಿದ ರಾಗಿ ಹೊಲದಂತೆ ಒಂದೇ ದಿಕ್ಕಿಗೆ ಬಾಗುತ್ತಾ, ಧೂಳು ಹಿಡಿದ ಲೋಳೆಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ. ಬೀಡಿ, ಸಿಗರೇಟುಗಳ ಹೊಗೆ ಈ ರೋಮಗಳನ್ನು ಮಂದಗೊಳಿಸಿ ಕೊನೆಗೆ ನಾಶಮಾಡುತ್ತದೆ. ಆಗ ಕಸ ಗುಡಿಸುವವರಿಲ್ಲದ ಬೀದಿಯಂತೆ ಎದೆಯಲ್ಲಿ ಕೊಳೆ ನಿಲ್ಲುತ್ತದೆ. ಬೀಡಿ ಸೇದುವವರ ಬೆಳಗಿನ ಕೆಮ್ಮಿಗೆ ಇದೇ ಕಾರಣ. ಒಡೆದು ಹೋದ ಗಾಳಿಗೂಡುಗಳು ಮತ್ತೆ ಹಿಂದಿನಂತೆ ಆಗುವುದಿಲ್ಲ. ಇನ್ನು ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವಿಟ್ಟು ಮಲಗಿದವರು ಬೆಳಿಗ್ಗೆ ಏಳದೆ ಹೋಗುವುದು ಇದರಿಂದಲೇ. ದಯವಿಟ್ಟು ಯಾವ ಮನೆಯಲ್ಲಿಯೂ ಹಾಗೆ ಮಾಡಬೇಡಿರಿ.

ತಂಬಾಕಿನ ವಿಷಯದಲ್ಲಿ ಹಿಂದಿನ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿತ್ತು. ಅದರ ಹಾನಿ ಸ್ಪಷ್ಟವಾದ ಮೇಲೆ ಅನೇಕರು ಅದನ್ನು ನಿಷಿದ್ಧವೆಂದೇ ಹೇಳಿದ್ದಾರೆ. ನಿಮ್ಮನ್ನು ನೀವೇ ನಾಶಕ್ಕೆ ತಳ್ಳಿಕೊಳ್ಳಬಾರದೆಂಬುದು ಕುರ್‌ಆನಿನ ಎಚ್ಚರಿಕೆ (ಅಲ್ ಬಕರ: 195). ಹಸಿ ಬೆಳ್ಳುಳ್ಳಿ ತಿಂದವನು ಆ ವಾಸನೆಯೊಂದಿಗೆ ಮಸೀದಿಗೆ ಬರಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದರು. ಸೀನುವಾಗ ಅವರು ಕೈಯಿಂದ ಅಥವಾ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ನೀರು ಕುಡಿಯುವಾಗ ಪಾತ್ರೆಯೊಳಗೆ ಉಸಿರು ಬಿಡಬಾರದೆಂದರು. ಬೆಳ್ಳುಳ್ಳಿ ಹಲಾಲ್, ಸೀನು ಸಹಜ, ಉಸಿರು ಜೀವ. ಆದರೂ ಅದರಿಂದ ಪಕ್ಕದವನಿಗೆ ತೊಂದರೆಯಾಗಬಾರದೆಂದು ಇಷ್ಟು ಸೂಕ್ಷ್ಮವಾಗಿ ಕಲಿಸಿದ ಧರ್ಮದಲ್ಲಿ, ಹಾಲುಗೂಸು ಮಲಗಿರುವ ಕೋಣೆಯಲ್ಲಿ ಬೀಡಿ ಹಚ್ಚುವುದಕ್ಕೆ ಯಾವ ಸ್ಥಾನವಿದೆ? ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ಸರಕಾರವು 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷೇಧಿಸಿದೆ. ಬಸ್‌ಸ್ಟ್ಯಾಂಡಿನಲ್ಲಿ ದಂಡಕ್ಕೆ ಹೆದರಿ ಬೀಡಿ ಆರಿಸುವವನು ಮನೆಗೆ ಬಂದು ಹಚ್ಚಿದರೆ, ಅವನು ಪೊಲೀಸರಿಗೆ ಹೆದರಿದಷ್ಟು ಅಲ್ಲಾಹನಿಗೆ ಹೆದರಲಿಲ್ಲವೆಂದೇ ಅರ್ಥ.

ಹೆಂಡತಿ ಮಕ್ಕಳ ಹಕ್ಕು, ನೆರೆಯವರ ಹಕ್ಕು ಎಂದು ನಾವು ಎಷ್ಟೋ ಭಾಷಣ ಕೇಳಿದ್ದೇವೆ. ಅವರ ಎದೆಗೆ ಹೋಗುವ ಗಾಳಿಯೂ ಆ ಹಕ್ಕಿನಲ್ಲಿ ಸೇರಿದೆ. ಗ್ಯಾಸ್ ಇದ್ದರೂ ದುಡ್ಡು ಉಳಿಸಲೆಂದು ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸಿಪ್ಪೆಯ ಒಲೆ ಊದುವ ತಾಯಂದಿರನ್ನು ಕೂಡ ನೆನೆಯಿರಿ. ಉಳಿಸಿದ ದುಡ್ಡು ಒಂದು ದಿನ ಆಸ್ಪತ್ರೆಗೆ ಹೋಗುತ್ತದೆ. ಕಳೆದ ಉಸಿರು ಮಾತ್ರ ಹಿಂದಿರುಗುವುದಿಲ್ಲ.

ಔಷಧದ ಬಗ್ಗೆ ಒಂದು ತಪ್ಪು ತಿಳಿವಳಿಕೆ

ವೈದ್ಯರು ಹುಡುಗನಿಗೆ ಎರಡು ಬಗೆಯ ಇನ್‌ಹೇಲರ್ ಬರೆದುಕೊಟ್ಟರು. ಒಂದು ಊತವನ್ನು ಕಡಿಮೆ ಮಾಡುವಂಥದ್ದು, ಪ್ರತಿದಿನ ತೆಗೆದುಕೊಳ್ಳಬೇಕು. ಇನ್ನೊಂದು ಬಿಗಿದ ಸ್ನಾಯುವನ್ನು ಕೂಡಲೇ ಸಡಿಲಿಸುವಂಥದ್ದು, ಉಬ್ಬಸ ಬಂದಾಗ ಬೇಕು. ತಂದೆ ಗಾಬರಿಯಾದರು. "ಹಜ್ರತ್, ಪಂಪು ಹಿಡಿದರೆ ಸಾಯೋವರೆಗೂ ಬಿಡೋಕಾಗಲ್ಲ ಅಂತಾರೆ" ಎಂದರು. ನಮ್ಮ ಕಡೆ ಇಂತಹ ಮಾತು ಮನೆಮನೆಯಲ್ಲಿದೆ. ವೈದ್ಯರು ನಕ್ಕು, ಮಾತ್ರೆ ನುಂಗಿದರೆ ಔಷಧ ಇಡೀ ಮೈಗೆ ಹೋಗಬೇಕು, ಇದರಲ್ಲಿ ತೀರ ಸ್ವಲ್ಪ ಔಷಧ ನೇರವಾಗಿ ಬೇಕಾದ ಕಡೆಗೇ ಹೋಗುತ್ತದೆ, ಇದು ಚಟ ಹಿಡಿಸುವ ವಸ್ತುವಲ್ಲ ಎಂದು ತಿಳಿಸಿದರು. ರೋಗವನ್ನು ಕೊಟ್ಟ ಅಲ್ಲಾಹನು ಅದಕ್ಕೆ ಔಷಧವನ್ನೂ ಇಟ್ಟಿದ್ದಾನೆಂಬುದು ಪ್ರವಾದಿವರ್ಯರ(ಸ) ಬೋಧನೆ. ದುಆ ಮಾಡಿರಿ, ಓದಿ ಊದಿಸಿರಿ. ಆದರೆ ಔಷಧ ನಿಲ್ಲಿಸಬೇಡಿರಿ. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ.

ರಮಝಾನಿನಲ್ಲಿ ಇನ್‌ಹೇಲರ್ ಬಳಸಿದರೆ ಉಪವಾಸ ಮುರಿಯುತ್ತದೆಯೇ ಎಂಬುದರಲ್ಲಿ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ನೀವು ನಂಬುವ ಆಲಿಮರನ್ನು ಕೇಳಿರಿ. ಸೆಹ್ರಿಗೂ ಇಫ್ತಾರಿಗೂ ಹೊಂದುವಂತೆ ಔಷಧ ತೆಗೆದುಕೊಳ್ಳಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿರಿ. ಆದರೆ ಉಸಿರು ಕಟ್ಟುತ್ತಿರುವಾಗ ಪಂಪನ್ನು ಜೇಬಿನಲ್ಲಿಟ್ಟುಕೊಂಡು ಒದ್ದಾಡುವುದು ಭಕ್ತಿಯಲ್ಲ. ರೋಗಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರೈಸುವ ಅವಕಾಶವನ್ನು ಅಲ್ಲಾಹನೇ ಕೊಟ್ಟಿದ್ದಾನೆ (ಅಲ್ ಬಕರ: 185). ಅವನು ಕೊಟ್ಟ ಸೌಲಭ್ಯವನ್ನು ನಾವು ಕಿತ್ತುಕೊಳ್ಳುವುದೇಕೆ?

ಒಂದು ಚಿಪ್ಪು, ಎರಡು ದಾರಿ

ಮರಳಿ ಬರುವಾಗ ಬಸ್ಸಿನಲ್ಲಿ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ಬೀಡಿ ಬಿಡಬಹುದು ಹಜ್ರತ್. ಆದರೆ ಚಿಪ್ಪು ಸುಡೋದು ಬಿಟ್ಟರೆ ಊಟ ಎಲ್ಲಿಂದ ತರಲಿ?" ಎಂದು ಕೇಳಿದರು. ಆ ಪ್ರಶ್ನೆಗೆ ಕಿತಾಬಿನಿಂದ ಓದಿ ಹೇಳುವಂತಹ ಉತ್ತರ ನನ್ನಲ್ಲಿರಲಿಲ್ಲ. ಬಡವನಿಗೆ ಹೊಗೆ ಬಿಡು ಎಂದು ಹೇಳುವುದು ಸುಲಭ, ಅವನ ಒಲೆ ಉರಿಸುವುದು ಕಷ್ಟ.

ಚಿಪ್ಪಿನ ಬಗ್ಗೆ ನಾನು ಓದಿದ್ದ ಒಂದು ಸಂಗತಿಯನ್ನು ಅವರಿಗೆ ಹೇಳಿದೆ. 1915ರ ಏಪ್ರಿಲ್‌ನಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ, ಬೆಲ್ಜಿಯಮಿನ ಈಪ್ರ ಎಂಬಲ್ಲಿ ಸೈನಿಕರ ಮೇಲೆ ಕ್ಲೋರಿನ್ ವಿಷಗಾಳಿ ಬಿಡಲಾಯಿತು. ಮುಂದೆ ಇಂತಹ ವಿಷದಿಂದ ಸೈನಿಕರ ಉಸಿರನ್ನು ಕಾಯಲು ತಯಾರಾದ ಮುಖವಾಡಗಳಲ್ಲಿ ತೆಂಗಿನ ಚಿಪ್ಪಿನ ಇದ್ದಿಲನ್ನು ತುಂಬಿದರು. ಸರಿಯಾದ ಕುಲುಮೆಯಲ್ಲಿ ಸುಟ್ಟು, ಬಿಸಿ ಹಬೆ ಹಾಯಿಸಿದ ಆ ಇದ್ದಿಲಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳಿರುತ್ತವೆ. ವಿಷ ಅಲ್ಲಿ ಸಿಕ್ಕಿಬೀಳುತ್ತದೆ. ನೀರು ಶುದ್ಧಿ ಮಾಡುವ ಯಂತ್ರಗಳಲ್ಲಿ ಇಂದಿಗೂ ಅದೇ ಇದೆ. ಅದೇ ಚಿಪ್ಪು ಹಿತ್ತಲಿನಲ್ಲಿ ಉರಿದರೆ ಮಗುವಿನ ಉಸಿರು ಕಟ್ಟುತ್ತದೆ. ತಕ್ಕ ಜಾಗದಲ್ಲಿ ತಕ್ಕ ರೀತಿಯಲ್ಲಿ ಸುಟ್ಟರೆ ಸಾವಿರಾರು ಜನರ ಉಸಿರನ್ನು ಕಾಯುತ್ತದೆ. ವಸ್ತುವಿನಲ್ಲಿ ದೋಷವಿಲ್ಲ. ದೋಷವಿರುವುದು ನಾವು ಅದನ್ನು ಎಲ್ಲಿ, ಹೇಗೆ, ಯಾರ ಪಕ್ಕದಲ್ಲಿ ಬಳಸುತ್ತೇವೆ ಎಂಬುದರಲ್ಲಿ.

ತಂದೆ ಏನೂ ಹೇಳಲಿಲ್ಲ. ಎರಡು ವಾರ ಹಿತ್ತಲಿನ ಹೊಗೆ ಹಾಗೆಯೇ ಇತ್ತು. ಆ ಬಳಿಕ ಒಂದು ದಿನ ನಿಂತಿತು. ಚಿಪ್ಪನ್ನು ಸುಡದೆ ಹಾಗೆಯೇ ವ್ಯಾಪಾರಿಗೆ ಕೊಡಲು ಅವರು ನಿರ್ಧರಿಸಿದ್ದರು. ಆದಾಯ ಕಡಿಮೆಯಾಯಿತು. ಕೊರತೆ ತುಂಬಲು ಈಗ ಕಾಯಿ ಸುಲಿಯುವ ಕೂಲಿಗೂ ಹೋಗುತ್ತಾರೆ. ಬೀಡಿಯನ್ನು ಎರಡು ಸಲ ಬಿಟ್ಟು ಎರಡು ಸಲ ಹಿಡಿದರು. ಮೂರನೆಯ ಸಲ ಬಿಟ್ಟಿದ್ದಾರೆ. ಅಲ್ಲಾಹನು ಅವರಿಗೆ ದೃಢತೆ ನೀಡಲಿ. ನಾನು ಇವರನ್ನು ತಹಜ್ಜುದ್ ನಮಾಝಿನವರಿಗಿಂತ ಕಡಿಮೆಯವರೆಂದು ಎಣಿಸುವುದಿಲ್ಲ. ಮಗುವಿನ ಉಸಿರಿಗಾಗಿ ತನ್ನ ದುಡಿಮೆಯ ಒಂದು ಪಾಲನ್ನು ಬಿಟ್ಟುಕೊಟ್ಟವನು ಅಮಾನತ್ತನ್ನು ಅರಿತವನು.

ನನಗೂ ಒಂದು ಸಾಲ ತೀರಿಸುವುದಿತ್ತು. ಗದರಿಸಿದ್ದು ಎಲ್ಲ ಮಕ್ಕಳ ಮುಂದೆ. ಆದುದರಿಂದ ಕ್ಷಮೆಯನ್ನೂ ಎಲ್ಲ ಮಕ್ಕಳ ಮುಂದೆಯೇ ಕೇಳಿದೆ. ಹುಡುಗ ನಾಚಿಕೊಂಡು ಚಾಪೆಯ ಅಂಚನ್ನು ಕೀಳುತ್ತಾ ಕುಳಿತಿದ್ದ. ಬಳಿಕ ಅದೇ ಆಯತ್ತನ್ನು ಓದಿದ. ನಡುವೆ ಒಂದೆಡೆ ನಿಂತು, ಉಸಿರೆಳೆದುಕೊಂಡು, ನಿಯಮದಂತೆ ಸ್ವಲ್ಪ ಹಿಂದಿನಿಂದ ಹಿಡಿದು ಕೊನೆಯವರೆಗೆ ಓದಿದ. ನಾನು ತಿದ್ದಲಿಲ್ಲ. ತಿದ್ದುವಂಥದ್ದು ಏನೂ ಇರಲಿಲ್ಲ.

ಪ್ರಿಯರೇ, 2021ರ ಮೇ ತಿಂಗಳನ್ನು ನಾವು ಮರೆತಿಲ್ಲ. ಕೊರೋನಾ ರೋಗದ ಎರಡನೆಯ ಅಲೆಯಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಪ್ರಾಣಬಿಟ್ಟ ಸುದ್ದಿ ಇಡೀ ಕರ್ನಾಟಕವನ್ನು ನಡುಗಿಸಿತು. ಮನೆಯವರು ಸಿಲಿಂಡರಿಗಾಗಿ ಊರೂರು ಅಲೆದರು. ಆಗ ನಮಗೆ ಉಸಿರಿನ ಬೆಲೆ ತಿಳಿದಿತ್ತು. ರೋಗ ಹಿಂದೆ ಸರಿದಂತೆ ಆ ತಿಳಿವೂ ಸರಿಯಿತು. ಆರೋಗ್ಯ ಮತ್ತು ಬಿಡುವು, ಈ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನ ಜನರು ನಷ್ಟದಲ್ಲಿದ್ದಾರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಇದನ್ನೇ ಅಲ್ಲವೇ?

ಮಗು ಹುಟ್ಟಿದಾಗ ಅದರ ಮೊದಲ ಉಸಿರು ಅಳುವಾಗಿ ಕೇಳಿಸುತ್ತದೆ. ನಾವು ಅದರ ಕಿವಿಯಲ್ಲಿ ಅಝಾನ್ ಹೇಳುತ್ತೇವೆ. ಪ್ರಾಣ ಕೊರಳಿಗೆ ಬಂದು ಗೊರಗೊರ ಎನ್ನುವವರೆಗೂ ದಾಸನ ತೌಬಾವನ್ನು ಅಲ್ಲಾಹನು ಸ್ವೀಕರಿಸುವನೆಂದು ಹದೀಸಿನಲ್ಲಿ ಬಂದಿದೆ. ಆ ಮೊದಲ ಉಸಿರಿಗೂ ಈ ಕೊನೆಯ ಉಸಿರಿಗೂ ನಡುವೆ ಇರುವುದೇ ನಮ್ಮ ಬಂಡವಾಳ. ಎಷ್ಟು ಉಳಿದಿದೆಯೆಂದು ಬರೆದಿಟ್ಟಿರುವವನು ಅವನೊಬ್ಬನೇ. ಲೆಕ್ಕ ಕೇಳುವವನೂ ಅವನೇ. ನಮ್ಮ ಉಸಿರಿನ ಲೆಕ್ಕದ ಜೊತೆಗೆ ನಮ್ಮ ಹೊಗೆಯಿಂದ, ನಮ್ಮ ಕೋಪದಿಂದ ಕಟ್ಟಿಹೋದ ಪರರ ಉಸಿರಿನ ಲೆಕ್ಕವೂ ಅಲ್ಲಿ ಬಾರದಿರಲಿ.

ಅಲ್ಲಾಹನು ನಮ್ಮೆಲ್ಲರ ಎದೆಗಳನ್ನು ವಿಶಾಲಗೊಳಿಸಲಿ. ರೋಗದಿಂದ ಉಸಿರಿಗಾಗಿ ಕಷ್ಟಪಡುತ್ತಿರುವವರಿಗೆ ಗುಣ ನೀಡಲಿ. ನಮ್ಮ ಕೊನೆಯ ಉಸಿರು ಅವನ ಸ್ಮರಣೆಯಲ್ಲಿ ಹೊರಡುವಂತೆ ಮಾಡಲಿ. ಆಮೀನ್.